ಪೆಟ್ಟಿಗೆ ಮಾತಾಡ್ತು, ಕೇಳೋರು ಯಾರು?

"ಕೈಯಂಗೆ ಮೊಬೈಲ್ ಇತ್ತಲ್ದಾ, ಇದ್ ಎಂತಕ್ ಮಾರಾಯಾ?"

ಹೋದ ಸಲ ಕೋಡಿಗೆ ಹೋದಾಗ ಬ್ಯಾಗಿನಿಂದ ನಾನು ತೆಗೆದ ಬಣ್ಣ ಹೋದ ತಗಡಿನ ಪೆಟ್ಟಿಗೆ ನೋಡಿ ಅಪ್ಪಯ್ಯ ಕೇಳಿದ್ದು ಇಷ್ಟೇ. ಆಫೀಸಿನ ಗೆಳೆಯರು ಕೇಳಿದ್ದೂ ಇದನ್ನೇ, ಸ್ವಲ್ಪ ನಕ್ಕು. ನಿಮ್ಮಲ್ಲೂ ಕೆಲವರು ಕೇಳೋರಿದ್ದೀರಿ ಅಂತ ಗೊತ್ತು. ಹಾಗಾಗಿ ಇವತ್ತು ಸ್ವಲ್ಪ ಜಗಳ ಆಡೋಣ ಅಂತ ಕೂತಿದ್ದೀನಿ :)

ಪೆಟ್ಟಿಗೆಯ ಹೆಸರು ಟರ್ಮಿನಲ್ ನೋಡ್ ಕಂಟ್ರೋಲರ್, ಚಿಕ್ಕದಾಗಿ ಟಿಎನ್‌ಸಿ. ಹ್ಯಾಮ್ ರೇಡಿಯೋಗೂ ಕಂಪ್ಯೂಟರಿಗೂ ನಡುವೆ ಕೂರುವ ಮೋಡೆಮ್. ನಾವು ಟೈಪಿಸಿದ್ದನ್ನು ಪೊಟ್ಟಣ ಕಟ್ಟಿ, ವಿಳಾಸ ಬರೆದು, 1200 ಮತ್ತು 2200 ಹರ್ಟ್ಜ್‌ನ ಎರಡು ಸ್ವರಗಳಾಗಿ ಮಾಡಿ ರೇಡಿಯೋಗೆ ಕೊಡುತ್ತೆ. ಆಚೆ ಕಡೆಯ ಪೆಟ್ಟಿಗೆ ಅದನ್ನು ಬಿಚ್ಚಿ, ಸರಿಯಿದ್ದರೆ "ಸಿಕ್ತು" ಅನ್ನುತ್ತೆ, ತಪ್ಪಿದ್ದರೆ ಸುಮ್ಮನಿರುತ್ತೆ. ಉತ್ತರ ಬರದಿದ್ದರೆ ಇದು ಮತ್ತೆ ಕಳಿಸುತ್ತೆ. ಸೆಕೆಂಡಿಗೆ 1200 ಬಿಟ್, ಅಷ್ಟೇ ವೇಗ. 1978ರಲ್ಲಿ ಮಾಂಟ್ರಿಯಲ್‌ನ ಹ್ಯಾಮ್‌ಗಳು ಶುರು ಮಾಡಿದ ಆಟ ಇದು. ನನ್ನ ಹತ್ತಿರ ಇರೋದು 1985ರಲ್ಲಿ ಬಂದ ಟಿಎನ್‌ಸಿ-2ರ ನಕಲು. ಒಳಗೆ ಝಡ್-80 ಪ್ರೊಸೆಸರ್. ನನಗಿಂತ ವಯಸ್ಸಿನಲ್ಲಿ ದೊಡ್ಡದು.

ಮೊದಲ ರಾತ್ರಿ ಪರದೆ ಮೇಲೆ ಬರೀ ಕಸ. ಪೆಟ್ಟಿಗೆ ಸತ್ತಿದೆ ಅಂದ್ಕೊಂಡೆ. ಅದು ಸತ್ತಿರಲಿಲ್ಲ, 7 ಬಿಟ್ ಮತ್ತು ಈವನ್ ಪ್ಯಾರಿಟಿಯಲ್ಲಿ ಮಾತಾಡ್ತಿತ್ತು. ನಾನು 8 ಬಿಟ್‌ನಲ್ಲಿ ಕೇಳ್ತಿದ್ದೆ. ಅದು ಸರಿಯಾದ ಮೇಲೆ ಇನ್ನೊಂದು ತಮಾಷೆ: ಪ್ರತಿ ಸಲ ಆಫ್ ಮಾಡಿ ಆನ್ ಮಾಡಿದಾಗಲೂ ನನ್ನ ಕಾಲ್‌ಸೈನ್ ಮರೆತು "ನೋಕಾಲ್" ಅಂತಿತ್ತು. ಬೋರ್ಡಿನ ಮೇಲಿನ ಲಿಥಿಯಂ ಬ್ಯಾಟರಿ ಖಾಲಿ. ಬದಲಾಯಿಸಿದೆ, ನೆನಪು ವಾಪಸ್ ಬಂತು.

ಆಮೇಲೆ ಕನ್ನಡ. ನಮ್ಮ ಅಕ್ಷರಗಳಿಗೆ ಯುಟಿಎಫ್-8ರಲ್ಲಿ ತಲಾ 3 ಬೈಟ್, ಎಂಟನೇ ಬಿಟ್ ಇಲ್ಲದೆ ನಡೆಯೋದೇ ಇಲ್ಲ. ಈ ಪೆಟ್ಟಿಗೆ ತಾನಾಗಿಯೇ ಆ ಬಿಟ್ಟನ್ನು ಕತ್ತರಿಸಿ ಬಿಸಾಕುತ್ತೆ. "ಕೋಡಿ" ಅಂತ ಕಳಿಸಿದರೆ ಇನ್ನೊಂದು ರಿಸೀವರಿನಲ್ಲಿ ಕಂಡದ್ದು `2`3`2!`2? ಅನ್ನೋ ವಿಚಿತ್ರ. 8ಬಿಟ್‌ಕಾನ್ವ್ ಅನ್ನೋ ಆಜ್ಞೆ ಆನ್ ಮಾಡಿದೆ. "ಕೋಡಿ" 12 ಬೈಟ್‌ಗಳಾಗಿ ಹೋಗಿ ಆಚೆ "ಕೋಡಿ" ಆಗಿಯೇ ಬಂತು. ನಲವತ್ತು ವರ್ಷ ಹಳೆಯ ಡಬ್ಬಿಗೆ ಕನ್ನಡ ಕಲಿಸೋಕೆ ಬೇಕಾದದ್ದು ಒಂದು ಆಜ್ಞೆ. ಹೊಸ ಹೊಸ ಆಪ್‌ಗಳಲ್ಲಿ ಕನ್ನಡ ಯಾಕಿಲ್ಲ ಅಂದ್ರೆ "ಟೆಕ್ನಿಕಲ್ ಲಿಮಿಟೇಶನ್" ಅನ್ನೋ ಮಹಾನುಭಾವರು ಇದನ್ನು ದಯವಿಟ್ಟು ಗಮನಿಸಿ.

ಇನ್ನು ಜಗಳಕ್ಕೆ ಬರ್ತೀನಿ.

"ಡೈರ್‌ವುಲ್ಫ್ ಅಂತ ಉಚಿತ ತಂತ್ರಾಂಶ ಇದೆ, ಸೌಂಡ್ ಕಾರ್ಡಿನಿಂದ್ಲೇ ಇದೆಲ್ಲ ಆಗುತ್ತೆ, ಪೆಟ್ಟಿಗೆ ಯಾಕೆ?" ಒಪ್ಪಿದೆ. ಕೇಳೋದ್ರಲ್ಲಿ ಅದು ನನ್ನ ಪೆಟ್ಟಿಗೆಗಿಂತ ಚುರುಕು. ನಾನೂ ಅದನ್ನು ಇಟ್ಕೊಂಡಿದ್ದೀನಿ. ಪೆಟ್ಟಿಗೆನೇ ಬೇಕು ಅಂತ ನನ್ನ ಹಟ ಇಲ್ಲ. ಆದ್ರೆ ಇದು 12 ವೋಲ್ಟಿನ ಹಳೆ ಬೈಕ್ ಬ್ಯಾಟರಿಯಲ್ಲಿ ಓಡುತ್ತೆ, ಅಪ್‌ಡೇಟ್ ಕೇಳಲ್ಲ, ಲಾಗಿನ್ ಕೇಳಲ್ಲ.

"ಮೊಬೈಲ್ ಇದೆಯಲ್ಲ?" ಇದನ್ನು ಮಾತ್ರ ಒಪ್ಪಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿ ಪಕ್ಕ ಹಾದು ಹೋದಾಗ ನಾನು ಮನೆಯಿಂದ್ಲೇ ಕೆಲಸ ಮಾಡ್ತಾ ಕೋಡಿಯಲ್ಲಿದ್ದೆ. ಮೊದಲು ಕರೆಂಟು ಹೋಯ್ತು. ರಾತ್ರಿ ಹೊತ್ತಿಗೆ ಮೊಬೈಲಿನ ಕಡ್ಡಿಗಳೂ ಹೋದವು. ಚಿಕ್ಕಮ್ಮನ ಮನೆ ಗಂಗೊಳ್ಳಿ. ಕೋಡಿ ತುದಿಯಲ್ಲಿ ನಿಂತರೆ ಅಳಿವೆಯ ಆಚೆ ಕಾಣೋ ಊರು. ರಸ್ತೆಯಲ್ಲಿ ಹೋಗೋದಾದರೆ ಹೆಮ್ಮಾಡಿ ದಾಟಿ ಸುತ್ತಿ ಬರಬೇಕು. ಲಾಕ್‌ಡೌನ್ ಬೇರೆ. ಕಣ್ಣಿಗೆ ಕಾಣೋ ಊರಿನಲ್ಲಿ ನಮ್ಮವರು ಹೇಗಿದ್ದಾರೆ ಅಂತ ಗೊತ್ತಾಗದೆ ಅಪ್ಪಯ್ಯ, ಅಮ್ಮ, ನಾನು ರಾತ್ರಿಯಿಡೀ ಎಚ್ಚರ ಇದ್ವಿ. ಅವರಿಗೇನೂ ಆಗಿರಲಿಲ್ಲ. ಆದರೆ ಅದು ನಮಗೆ ತಿಳಿದದ್ದು ಮಾರನೇ ದಿನ ಮಧ್ಯಾಹ್ನ. ಕೋಟಿ ಕೋಟಿ ಮೆಸೇಜ್ ಸಾಗಿಸೋ ತಂತ್ರಾಂಶ ಬರೆಯುವ ನನ್ನ ಕೈಯಲ್ಲಿ, ಹೊಳೆಯಾಚೆಗೆ "ಹುಷಾರಿದ್ದೀರಾ" ಅಂತ ಒಂದು ಸಾಲು ಕಳಿಸೋಕೆ ಆಗ್ಲಿಲ್ಲ.

ಅದಕ್ಕೇ ಲೈಸೆನ್ಸ್ ಪರೀಕ್ಷೆ ಬರೆದೆ, ಅದಕ್ಕೇ ಪೆಟ್ಟಿಗೆ ತಂದೆ.

ಈಗ ಅಸಲಿ ವಿಷಯ. ಎಲ್ಲ ಜೋಡಿಸಿದ ಮೇಲೆ ಎರಡು ದಿನ ಕೂಗಿದೆ. ಯಾರೂ ಇಲ್ಲ. ಮೂರನೇ ಸಂಜೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಮೇಲೆ ಹಾದು ಹೋಗುವಾಗ 145.825 ಮೆಗಾಹರ್ಟ್ಜ್‌ನಲ್ಲಿ ಕಳಿಸಿದೆ. ಸುಮಾರು 400 ಕಿ.ಮೀ. ಮೇಲಿಂದ ನನ್ನದೇ ಸಾಲು, ಮರುಪ್ರಸಾರದ ನಕ್ಷತ್ರ ಚಿಹ್ನೆ ಅಂಟಿಸಿಕೊಂಡು, ವಾಪಸ್ ಬಂತು! ಕುಣಿದುಬಿಟ್ಟೆ. ಅಪ್ಪಯ್ಯ ನೋಡಿದ್ರು, ಅವರಿಗೂ ಖುಷಿಯಾಯ್ತು. ಆಮೇಲೆ ಮೆಲ್ಲಗೆ ಕೇಳಿದ್ರು: "ಅದ್ ಸೈ. ಗಂಗೊಳ್ಳಿಯಂಗೆ ಕೇಂಬುಕೆ ಯಾರ್ ಇದ್ರ್?"

ಉತ್ತರ ಇರಲಿಲ್ಲ. ಆಕಾಶ ಓಗೊಡುತ್ತೆ, ಅಳಿವೆಯಾಚೆಯ ಊರು ಓಗೊಡಲ್ಲ.

ನನ್ನ ಸಿಟ್ಟು ಅದಕ್ಕೇ. ಮೊಬೈಲ್ ಸಾಕು ಅನ್ನೋರ ಮೇಲಿಗಿಂತ ನಮ್ಮಂಥವರ ಮೇಲೇ ಜಾಸ್ತಿ. ಲೈಸೆನ್ಸ್ ತಗೊಂಡು ಫ್ರೇಮ್ ಹಾಕಿ ಗೋಡೆಗೆ ನೇತು ಹಾಕಿದ ಹ್ಯಾಮ್‌ಗಳೇ, ವರ್ಷಕ್ಕೊಂದು ಹೊಸ ರೇಡಿಯೋ ಕೊಳ್ಳೋರೇ, ಕೊನೆಯ ಸಲ ಪಕ್ಕದೂರಿನ ಜೊತೆ ಮಾತಾಡಿದ್ದು ಯಾವಾಗ? 2004ರ ಡಿಸೆಂಬರ್ 26ರಂದು ಸುನಾಮಿ ಬಡಿದಾಗ ಭಾರತಿ ಪ್ರಸಾದ್ ಅವರ ತಂಡ ಅಂಡಮಾನಿನಲ್ಲಿತ್ತು. ಪೋರ್ಟ್ ಬ್ಲೇರ್‌ನಿಂದ ಸುದ್ದಿ ದಾಟಿಸಿತು. ಅದು ಪ್ಯಾಕೆಟ್ ಅಲ್ಲ, ಬಾಯಿಮಾತು. ನಾವೆಲ್ಲ ಹೊಗಳೋದು ಕಳಿಸಿದವರನ್ನು. ಆದರೆ ಇತ್ತ ದಡದಲ್ಲಿ ರೇಡಿಯೋ ಆನ್ ಮಾಡಿ ಕಿವಿ ಕೊಟ್ಟು ಕೂತವರೂ ಇದ್ದದ್ದಕ್ಕೇ ಆ ಸುದ್ದಿ ಮನೆ ಮುಟ್ಟಿತು.

ಹಾಗಂತ ಇದಕ್ಕೆ ದೊಡ್ಡ ಯೋಜನೆ, ಮಂತ್ರಿಗಳ ಉದ್ಘಾಟನೆ ಏನೂ ಬೇಡ. ಲೆಕ್ಕ ಸುಲಭ. ಆಂಟೆನಾದ ಎತ್ತರ ಮೀಟರಿನಲ್ಲಿ ಎಷ್ಟೋ ಅದರ ವರ್ಗಮೂಲವನ್ನು 4ರಿಂದ ಗುಣಿಸಿ, ಹೆಚ್ಚುಕಮ್ಮಿ ಅಷ್ಟು ಕಿಲೋಮೀಟರ್ ದಿಗಂತ. 9 ಮೀಟರಿಗೆ 12 ಕಿ.ಮೀ. ಅಂಥ ಎರಡು ಮನೆಗಳ ನಡುವೆ 24. ತೆಂಗಿನ ತೋಟಗಳು ಒಂದಿಷ್ಟು ನುಂಗಿದರೂ ಗಂಗೊಳ್ಳಿಗೆ ಧಾರಾಳ ಸಾಕು. ಮರವಂತೆಯಲ್ಲಿ ಒಂದು, ಕೋಟದಲ್ಲಿ ಒಂದು ನಿಲ್ಲಿಸಿದರೆ, ಟಿಎನ್‌ಸಿಗಳು ಒಂದರ ಪೊಟ್ಟಣ ಇನ್ನೊಂದು ದಾಟಿಸುವುದರಿಂದ, ಬೈಂದೂರಿನಿಂದ ಬ್ರಹ್ಮಾವರದವರೆಗೆ ಸರಪಳಿ. ಒಂದು ಪೊಟ್ಟಣಕ್ಕೆ 256 ಬೈಟ್, ಅಂದ್ರೆ ಕನ್ನಡದ ಸುಮಾರು 85 ಅಕ್ಷರ-ಚಿಹ್ನೆ, ಎರಡು ಸೆಕೆಂಡಿನ ಕೆಲಸ. "ಎಲ್ಲರೂ ಹುಷಾರು, ಮಾಡಿನ ಹಂಚು ಹೋಗಿದೆ, ಗಾಬರಿ ಬೇಡ" ಅನ್ನೋಕೆ ಧಾರಾಳ ಆಯ್ತಲ್ಲ?

ಚಿಕ್ಕಮ್ಮನ ಮಗನಿಗೆ ಲೈಸೆನ್ಸ್ ಪರೀಕ್ಷೆಗೆ ಓದೋಕೆ ಹಚ್ಚಿದ್ದೀನಿ. ಅವನು ಪಾಸಾದರೆ ಗಂಗೊಳ್ಳಿಗೆ ಒಂದು ಆಯ್ತು. ಮರವಂತೆ, ಕೋಟ ಕಡೆಯವರು ಯಾರಾದ್ರೂ ಇದನ್ನು ಓದ್ತಿದ್ದರೆ, ಲೈಸೆನ್ಸ್ ನೀವು ತಗೊಳ್ಳಿ. ಕೇಬಲ್ ಬೆಸುಗೆ ಹಾಕೋದು, ಪೆಟ್ಟಿಗೆಗೆ ಕನ್ನಡ ಕಲಿಸೋದು ನನ್ನ ಜವಾಬ್ದಾರಿ. ಊಟ ಹಾಕಿದ್ರೆ ಸಾಕು, ಮೀನ್ ಸಾರಿದ್ರೆ ಇನ್ನೂ ಬೇಗ ಮುಗಿಸ್ತೀನಿ :)

"ಚೆನ್ನಾಗಿ ಬರೆದಿದ್ದೀರಿ" ಅಂತ ಕಮೆಂಟ್ ಹಾಕಿ ಹೋಗಬೇಡಿ. ನನ್ನ ಪೆಟ್ಟಿಗೆಗೆ ಬೇಕಾಗಿರೋದು ಇನ್ನೊಂದು ಪೆಟ್ಟಿಗೆ.