ಬುಲ್ಸ್‌ಗೆ ಈ ಸಲ ಎರಡೂ ಮೂಲೆ ಹೊಸದು: ಅಂಕುಶ್, ಯೋಗೇಶ್ ನಿಂತರೆ ಉಂಟು ಆಟ

ಬುಧವಾರ ಗಣೇಶನ ಹಬ್ಬ, ಶುಕ್ರವಾರದಿಂದ ಕಬಡ್ಡಿ. ಪ್ರೊ ಕಬಡ್ಡಿ ಲೀಗ್‌ನ 12ನೇ ಸೀಸನ್ ಆಗಸ್ಟ್ 29ಕ್ಕೆ ವಿಶಾಖಪಟ್ಟಣದಲ್ಲಿ ಶುರುವಾಗಲಿದೆ. ಮೊದಲ ದಿನವೇ ಬೆಂಗಳೂರು ಬುಲ್ಸ್‌ಗೆ ಪುಣೇರಿ ಪಲ್ಟನ್ ಎದುರು ಪಂದ್ಯ. ಪೆಂಡಾಲ್ ಹಾಕೋ ಹುಡುಗರಿಂದ ಹಿಡಿದು ಬಸ್ ಸ್ಟ್ಯಾಂಡ್ ಟೀ ಅಂಗಡಿ ತನಕ ಈಗ ಕೇಳ್ತಿರೋದು ಒಂದೇ ಪ್ರಶ್ನೆ: ಈ ಸಲ ಬುಲ್ಸ್‌ಗೆ ರೈಡರ್ ಯಾರು?

ಪ್ರಶ್ನೆ ತಪ್ಪಲ್ಲ, ಆದರೆ ಅರ್ಧ. ಈ ವರ್ಷ ಬುಲ್ಸ್ ದೊಡ್ಡ ದುಡ್ಡು ಸುರಿದಿರೋದು ರೈಡರ್ ಮೇಲಲ್ಲ, ಮೂಲೆ ಮೇಲೆ. ಮೇ 31 ಮತ್ತು ಜೂನ್ 1ರಂದು ಮುಂಬೈಯಲ್ಲಿ ನಡೆದ ಹರಾಜಿನಲ್ಲಿ ಬಲ ಮೂಲೆಯ ಯೋಗೇಶ್ ದಹಿಯಾ ಅವರಿಗೆ ಬುಲ್ಸ್ ಕೊಟ್ಟದ್ದು 1.125 ಕೋಟಿ ರೂಪಾಯಿ. ಒಂದು ತಂಡ ಖರ್ಚು ಮಾಡಬಹುದಾದ ಒಟ್ಟು ಮೊತ್ತವೇ 5 ಕೋಟಿ. ಅಂದರೆ ರೂಪಾಯಿಗೆ 22 ಪೈಸೆಗಿಂತ ಹೆಚ್ಚು ಒಬ್ಬನೇ ಕಾರ್ನರ್ ಆಟಗಾರನಿಗೆ ಹೋಯ್ತು. ಎಡ ಮೂಲೆಗೆ ಜೈಪುರದಿಂದ ಬಂದವರು ಅಂಕುಶ್ ರಾಥಿ. ನಾಯಕ ಪಟ್ಟವೂ ಅವರಿಗೇ.

ಹೋದ ವರ್ಷದ ಲೆಕ್ಕ ನೋಡಿದರೆ ಇಷ್ಟು ದೊಡ್ಡ ರಿಪೇರಿ ಯಾಕೆ ಬೇಕಾಯ್ತು ಅಂತ ಗೊತ್ತಾಗುತ್ತೆ. 11ನೇ ಸೀಸನ್‌ನಲ್ಲಿ ಬುಲ್ಸ್ 22 ಪಂದ್ಯ ಆಡಿ ಗೆದ್ದದ್ದು 2, ಸೋತದ್ದು 19, ಒಂದು ಟೈ. 12 ತಂಡಗಳಲ್ಲಿ 12ನೇ ಸ್ಥಾನ. 2019ರ ಜನವರಿಯಲ್ಲಿ ಗುಜರಾತ್ ತಂಡವನ್ನ 38-33ರಿಂದ ಸೋಲಿಸಿ ಕಪ್ ಎತ್ತಿದ ತಂಡವೇ ಇದು. ಆ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದಿದ್ದರು. ಅಲ್ಲಿಂದಾಚೆಗೆ ಬುಲ್ಸ್ ಅಭಿಮಾನಿಗೆ ಕಬಡ್ಡಿ ಅಂದ್ರೆ ಪವನ್ ಥರ ಒಬ್ಬ ಓಡಿ ಬಂದು ಎಲ್ಲರನ್ನೂ ಮುಟ್ಟಿ ಹೋಗೋದು ಅಂತಲೇ ಆಗ್ಬಿಟ್ಟಿದೆ. ಆ ಆಸೆಯಲ್ಲೇ ಹೋದ ವರ್ಷ ಪರ್‌ದೀಪ್ ನರ್ವಾಲ್ ಅವರನ್ನ ವಾಪಸ್ ಕರೆತಂದು ನಾಯಕ ಮಾಡಿದ್ದಾಯ್ತು. ಲೀಗ್ ಇತಿಹಾಸದಲ್ಲೇ ಅತಿ ಹೆಚ್ಚು ರೈಡ್ ಪಾಯಿಂಟ್ ಗಳಿಸಿದ ಆಟಗಾರ, ಆದರೆ ಕಾಲು ಮೊದಲಿನಂತೆ ಇರಲಿಲ್ಲ. ಈ ಸಲದ ಹರಾಜಿನಲ್ಲಿ ಅವರನ್ನ ಯಾರೂ ಕೊಳ್ಳಲಿಲ್ಲ, ನಿವೃತ್ತಿ ಹೇಳಿದರು.

ತಂಡದ ಹಳೇ ಗೋಡೆಯೂ ಈಗಿಲ್ಲ. ವರ್ಷಗಟ್ಟಲೆ ಬಲ ಮೂಲೆ ಕಾದ ಸೌರಭ್ ನಂದಲ್ ದೆಹಲಿ ಪಾಲಾದರು. ಅಷ್ಟು ಸೋಲಿನ ನಡುವೆಯೂ ಚೆನ್ನಾಗಿ ಹಿಡಿದ ನಿತಿನ್ ರಾವಲ್ ಜೈಪುರಕ್ಕೆ ಹೋದರು. ಮೊದಲ ಸೀಸನ್‌ನಿಂದ ಜೊತೆಗಿದ್ದ ಕೋಚ್ ರಣಧೀರ್ ಸಿಂಗ್ ಕೂಡ ಇಲ್ಲ. ಅವರ ಜಾಗಕ್ಕೆ ಬಂದಿರೋದು ಕರ್ನಾಟಕದವರೇ ಆದ ಬಿ.ಸಿ. ರಮೇಶ್.

ಮೂಲೆ ಯಾಕೆ ಮುಖ್ಯ?

ಕಬಡ್ಡಿ ನೋಡೋರಿಗೆ ಗೊತ್ತಿರೋದೇ, ಆದರೂ ಒಂದ್ಸಲ ಹೇಳಬೇಕು. ಏಳು ಜನ ಚೈನ್ ಕಟ್ಟಿ ನಿಂತಾಗ ಎರಡು ತುದಿಯಲ್ಲಿ ಇರೋರು ಕಾರ್ನರ್. ರೈಡರ್ ಒಂದು ಕಡೆ ಮುಖ ಮಾಡಿದರೆ ಇನ್ನೊಂದು ಮೂಲೆಯವನು ಅವನ ಬೆನ್ನಿಗೆ ಬರ್ತಾನೆ. ಬೋನಸ್ ಗೆರೆಗೆ ಕಾಲು ಚಾಚಿದಾಗ, ಹಿಂದಿನ ಕಾಲಿನ ಮೇಲೆ ಭಾರ ಬಿದ್ದ ಆ ಅರೆಕ್ಷಣದಲ್ಲಿ, ಮೂಲೆಯವನ ಕೈ ಕಣಕಾಲಿಗೆ ಹೋಗಬೇಕು. ಚೂರು ಮುಂಚೆ ಹೋದರೆ ಪಾಯಿಂಟೂ ಹೋಯ್ತು, ಅವನೂ ಹೊರಗೆ. ಚೂರು ತಡವಾದರೆ ರೈಡರ್ ಗೆರೆ ದಾಟಿರ್ತಾನೆ. ರೈಡರ್ ಒಂದು ರೈಡ್ ಖಾಲಿ ಬಂದರೆ ಯಾರೂ ಬೈಯಲ್ಲ. ಮೂಲೆಯವನು ಒಂದು ಹಿಡಿತ ತಪ್ಪಿದರೆ ಇಡೀ ಸಾಲಿಗೆ ತುದಿಯೇ ಇರಲ್ಲ.

ಇನ್ನೊಂದು ವಿಷಯ ಟಿವಿಯಲ್ಲಿ ಅಷ್ಟಾಗಿ ಕಾಣಲ್ಲ. ಮೂಲೆಯವನು ಹಿಡಿಯೋದು ಕಾಲು ಮಾತ್ರ. ಕೆಡವೋರು ಪಕ್ಕದ ಕವರ್‌ಗಳು. ಕಾಲು ಸಿಕ್ಕ ಕೂಡಲೇ ಕವರ್ ಓಡಿ ಬಂದು ದಾರಿ ಅಡ್ಡಗಟ್ಟದಿದ್ದರೆ, ಒಳ್ಳೆ ಮೈಕಟ್ಟಿನ ರೈಡರ್ ಮೂಲೆಯವನನ್ನ ಎಳ್ಕೊಂಡೇ ನಡುಗೆರೆ ಮುಟ್ಟಿಬಿಡ್ತಾನೆ.

ಇಲ್ಲೇ ಅಂಕುಶ್ ಅವರ ಲೆಕ್ಕವನ್ನ ಸರಿಯಾಗಿ ಓದಬೇಕಾಗಿರೋದು. 9ನೇ ಸೀಸನ್‌ನಲ್ಲಿ ಜೈಪುರ ಪಿಂಕ್ ಪ್ಯಾಂಥರ್ಸ್ ಕಪ್ ಗೆದ್ದಾಗ ಅವರು 89 ಟ್ಯಾಕಲ್ ಪಾಯಿಂಟ್ ಗಳಿಸಿದ್ದರು. ಆ ಸೀಸನ್‌ಗೆ ಅದೇ ಅತಿ ಹೆಚ್ಚು. ಆದರೆ ಆಗ ಅವರ ಸಾಲಿನಲ್ಲಿ ಯಾರಿದ್ದರು? ಕವರ್‌ನಲ್ಲಿ ನಾಯಕ ಸುನಿಲ್ ಕುಮಾರ್, ಇನ್ನೊಂದು ಕಡೆ ಇರಾನ್‌ನ ರೆಝಾ ಮೀರ್‌ಬಾಘೇರಿ, ಎದುರಿನ ಮೂಲೆಯಲ್ಲಿ ಸಾಹುಲ್ ಕುಮಾರ್. ಅಂಕುಶ್ ಕಾಲು ಹಿಡಿದರೆ ಉಳಿದ ಮೂವರು ಮೇಲೆ ಬೀಳ್ತಿದ್ದರು. ಅದಾದ ಮೇಲಿನ ಎರಡು ಸೀಸನ್‌ನಲ್ಲಿ 89ರ ಹತ್ತಿರಕ್ಕೆ ಅವರು ಬರಲಿಲ್ಲ. ಆಟ ಹಾಳಾಯ್ತು ಅಂತಲ್ಲ, ಎದುರಾಳಿಗಳು ಅವರನ್ನ ಓದಿಕೊಂಡರು, ಎಡಗಡೆ ಹೋಗೋದನ್ನ ಕಡಿಮೆ ಮಾಡಿದರು. ದೊಡ್ಡ ಕಾರ್ನರ್‌ಗೆ ಇದೇ ತೊಂದರೆ. ಹೆಸರು ಬಂದ ಮೇಲೆ ರೈಡರ್ ಹತ್ರವೇ ಬರಲ್ಲ.

ಹಾಗಾಗಿ ಇನ್ನೊಂದು ಮೂಲೆಯಲ್ಲೂ ಗಟ್ಟಿ ಆಳು ಬೇಕು. ಯೋಗೇಶ್ ಅವರಿಗೆ ಕೋಟಿ ದಾಟಿ ಕೂಗಿದ್ದು ಸುಮ್ಮನೆ ಅಲ್ಲ. ದಬಾಂಗ್ ದೆಹಲಿ ಪರ 10ನೇ ಸೀಸನ್‌ನಲ್ಲಿ ಲೀಗ್‌ಗೆ ಬಂದ ವರ್ಷವೇ ಹೊಸ ಯುವ ಆಟಗಾರ ಪ್ರಶಸ್ತಿ ಪಡೆದವರು. ಎಡಗಡೆ ಅಂಕುಶ್, ಬಲಗಡೆ ಯೋಗೇಶ್ ನಿಂತರೆ ರೈಡರ್ ಯಾರ ಕಡೆ ಬೆನ್ನು ಹಾಕಬೇಕು? ಕಾಗದದ ಮೇಲೆ ಲೀಗ್‌ನ ಒಳ್ಳೆಯ ಮೂಲೆ ಜೋಡಿಗಳಲ್ಲಿ ಇದೂ ಒಂದು. ಅದರಲ್ಲಿ ಅನುಮಾನ ಬೇಡ.

ಅನುಮಾನ ಇರೋದು ನಡುವಿನ ಜಾಗದಲ್ಲಿ. ಕವರ್‌ಗೆ ಬುಲ್ಸ್ ಹತ್ತಿರ ಅಂಥಾ ದೊಡ್ಡ ಹೆಸರಿಲ್ಲ. ಮೂಲೆಗೆ ಕೋಟಿ ಕೊಟ್ಟ ಮೇಲೆ ನಡುವಿಗೆ ದುಡ್ಡು ಎಲ್ಲಿಂದ ಬರಬೇಕು? ಸಂಸಾರ ನಡೆಸೋರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತೆ. ಹೊಸ ಹುಡುಗರು ಆ ಜಾಗ ತುಂಬಬೇಕು. ತುಂಬಲೂಬಹುದು, ಆದರೆ ಅಂಕುಶ್ ಯಾವ ಹೊತ್ತಿಗೆ ನೆಗೀತಾರೆ, ಯೋಗೇಶ್ ಕಣ್ಣಲ್ಲಿ ಏನು ಸನ್ನೆ ಮಾಡ್ತಾರೆ ಅನ್ನೋದು ಗೊತ್ತಾಗೋಕೆ ಕ್ಯಾಂಪ್‌ನ ಕೆಲವು ವಾರ ಸಾಲದು.

ರಮೇಶ್ ಲೆಕ್ಕಾಚಾರ

ಅರ್ಜುನ ಪ್ರಶಸ್ತಿ ಪಡೆದ ರಮೇಶ್ ಅವರು ಕೋಚ್ ಆಗಿ ಗೆದ್ದ ದಾರಿ ನೋಡಿದರೆ ಈ ಖರೀದಿಯ ಗುಟ್ಟು ಸಿಗುತ್ತೆ. 2019ರಲ್ಲಿ ಬೆಂಗಾಲ್ ವಾರಿಯರ್ಸ್ ಅವರ ಕೈಯಲ್ಲಿ ಕಪ್ ಗೆದ್ದಾಗ ಮೂಲೆಗಳಲ್ಲಿ ಬಲದೇವ್ ಸಿಂಗ್, ರಿಂಕು ನರ್ವಾಲ್ ಇದ್ದರು. 2024ರ ಮಾರ್ಚ್ 1ರಂದು ಪುಣೇರಿ ಪಲ್ಟನ್ ಗೆದ್ದ ಫೈನಲ್ ಸ್ಕೋರು 28-25. ಎರಡೂ ಕಡೆ ಸೇರಿ ಬರೀ 53 ಪಾಯಿಂಟ್, ಪೂರ್ತಿ ಹಿಡಿತದ ಆಟ. ಆ ತಂಡದ ಎಡ ಮೂಲೆಯಲ್ಲಿ ಇರಾನ್‌ನ ಮೊಹಮ್ಮದ್‌ರೆಝಾ ಶಾಡ್ಲೂಯಿ, ಬಲ ಮೂಲೆಯಲ್ಲಿ ಗೌರವ್ ಖತ್ರಿ. ಕವರ್‌ನಲ್ಲಿ ಸಂಕೇತ್ ಸಾವಂತ್, ಅಬಿನೇಶ್ ನಡರಾಜನ್.

ಮರೆಯಬಾರದ್ದು ಈ ಕೊನೆಯ ಎರಡು ಹೆಸರು. ಪುಣೆಯ ಕವರ್ ಜೋಡಿ ಒಟ್ಟಿಗೆ ಆಡಿ ಹದವಾಗಿತ್ತು. ರಮೇಶ್ ಅಲ್ಲಿಗೆ ಹೋದಾಗ ನಡುವೆ ಗಟ್ಟಿ ಇತ್ತು, ಬೆಂಗಳೂರಿನಲ್ಲಿ ತುದಿ ಗಟ್ಟಿ ಇದೆ, ನಡು ಕಟ್ಟಬೇಕು. ಎರಡೂ ಒಂದೇ ಕೆಲಸ ಅಲ್ಲ. ಕನ್ನಡದ ಕೋಚ್ ಬಂದ ಕೂಡಲೇ ಎಲ್ಲ ಸರಿಹೋಗುತ್ತೆ ಅಂತ ಕೂತರೆ ಮೊದಲ ಮೂರು ಸೋಲಿಗೇ ಬೈಯೋಕೆ ಶುರುವಾಗುತ್ತೆ. ಆರ್‌ಸಿಬಿ ಕಪ್ ಗೆದ್ದ ವರ್ಷ ಬೇರೆ ಇದು, ಆಸೆಗೆ ಮಿತಿ ಇಲ್ಲ.

ಇನ್ನು ರೈಡರ್ ವಿಷಯಕ್ಕೆ ಬಂದರೆ, ಮೂಲೆಯ ಭವಿಷ್ಯ ಅಲ್ಲೂ ಇದೆ. ಕಾರ್ನರ್ ಔಟ್ ಆಗಿ ಹೊರಗೆ ಕೂತರೆ ಅವನನ್ನ ಒಳಗೆ ಕರೆಸೋದು ತಂಡದ ಪಾಯಿಂಟು. ಸ್ವಂತ ರೈಡರ್ ಖಾಲಿ ಕೈಯಲ್ಲಿ ಬರ್ತಾ ಇದ್ದರೆ 1.125 ಕೋಟಿಯ ಕಾರ್ನರ್ ಬೆಂಚಿನ ಮೇಲೆ ನೀರು ಕುಡೀತಾ ಕೂತಿರ್ತಾನೆ. ಯೋಗೇಶ್ ದೆಹಲಿಯಲ್ಲಿದ್ದಾಗ ಅಶು ಮಲಿಕ್ ಥರದ ರೈಡರ್ ಇದ್ದರು, ತಪ್ಪಿದರೂ ಬೇಗ ವಾಪಸ್ ಬರ್ತಿದ್ದರು. ಬುಲ್ಸ್‌ನಲ್ಲಿ ಈಗಿರೋದು ಪುಣೆಯಲ್ಲಿ ಆಡಿದ ಆಕಾಶ್ ಶಿಂಧೆ, ದೆಹಲಿಯಿಂದ ಬಂದ ಆಶಿಶ್ ಮಲಿಕ್, ಇರಾನ್‌ನ ಅಲಿರೆಝಾ ಮಿರ್ಝಾಯಿಯನ್. ಒಳ್ಳೆಯ ಹುಡುಗರೇ, ಆದರೆ ಒಂದು ಪಂದ್ಯವನ್ನ ಒಬ್ಬನೇ ಹೊತ್ತು ತರ್ತೀನಿ ಅಂತ ಈವರೆಗೆ ಯಾರೂ ತೋರಿಸಿಕೊಟ್ಟಿಲ್ಲ. ಅದಕ್ಕೇ ಅಂಕುಶ್, ಯೋಗೇಶ್ ಇಬ್ಬರೂ ಅವಸರ ಮಾಡದೇ ಇರೋದು ಮುಖ್ಯ. ಬೇರೆ ತಂಡದಲ್ಲಿ ಕಾರ್ನರ್ ಒಂದು ತಪ್ಪು ಮಾಡಬಹುದು, ಇಲ್ಲಿ ಅದರ ಬೆಲೆ ಜಾಸ್ತಿ. ನಾಯಕನೇ ಹೊರಗೆ ಕೂತರೆ ಒಳಗೆ ಚೈನ್ ನಡೆಸೋರು ಯಾರು ಅನ್ನೋ ತಲೆನೋವು ಬೇರೆ.

ಕಪ್ ಮಾತು ಈಗ ಬೇಡ. ಈ ಸಲ ಪ್ರತಿ ತಂಡಕ್ಕೆ ಲೀಗ್‌ನಲ್ಲಿ 18 ಪಂದ್ಯ, ಮೊದಲ 8 ಸ್ಥಾನದವರಿಗೆ ಮುಂದಿನ ಹಂತ. ಬುಲ್ಸ್ ಆ ಎಂಟರಲ್ಲಿ ಇರಬಹುದು, ಇರಲೇಬೇಕು. ಅದಕ್ಕಿಂತ ಮೇಲೆ ಹೋದರೆ ಅದು ಇವತ್ತು ಹೆಸರೇ ಕೇಳಿರದ ಯಾವನೋ ಒಬ್ಬ ಕವರ್ ಹುಡುಗನಿಂದ ಆಗುತ್ತೆ.

ಊರಿನ ಅಂಕಣಕ್ಕೆ ಏನು ಸಂಬಂಧ?

ಸಂಬಂಧ ಇದೆ. ಹಬ್ಬದ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಡಿಗ್ರಿ ಕಾಲೇಜು ಹುಡುಗರನ್ನ ಗಮನಿಸಿ, ಹತ್ತರಲ್ಲಿ ಎಂಟು ಜನಕ್ಕೆ ರೈಡ್ ಹೋಗಬೇಕು. ಮೈಕ್‌ನಲ್ಲಿ ಹೆಸರು ಕೂಗೋದು ರೈಡರ್‌ದು, ವಿಡಿಯೋ ಸ್ಟೇಟಸ್‌ಗೆ ಹೋಗೋದೂ ರೈಡರ್‌ದೇ. ಮೂಲೆಗೆ ನಿಲ್ಲಿಸೋದು ತಂಡಕ್ಕೆ ಆಳು ಕಡಿಮೆ ಬಿದ್ದಾಗ ಬಂದವನನ್ನ. ಮಣ್ಣಿನ ಅಂಕಣದಲ್ಲಿ ಮೊಣಕೈ ಸುಲಿಸಿಕೊಂಡು ಕಾಲಿಗೆ ಬೀಳೋ ಕೆಲಸ ಯಾರಿಗೂ ಬೇಡ. ಬೆಸ್ಟ್ ಕ್ಯಾಚರ್ ಟ್ರೋಫಿ ಕೊಡುವಾಗ ಅರ್ಧ ಜನ ಮನೆಗೆ ಹೊರಟಿರ್ತಾರೆ.

ಹರಾಜಿನ ಪಟ್ಟಿ ಬೇರೆ ಕಥೆ ಹೇಳುತ್ತೆ. ಈ ವರ್ಷ ಅತಿ ದುಬಾರಿ ಆಟಗಾರ ಅದೇ ಶಾಡ್ಲೂಯಿ. ಗುಜರಾತ್ ಜೈಂಟ್ಸ್ ಕೊಟ್ಟದ್ದು 2.23 ಕೋಟಿ. ರೈಡ್ ಕೂಡ ಮಾಡಬಲ್ಲ ಆಲ್‌ರೌಂಡರ್ ಹೌದು, ಆದರೆ ಹೆಸರು ಬಂದಿರೋದು ಎಡ ಮೂಲೆಯಿಂದ. ಒಟ್ಟು ಹತ್ತು ಜನ ಕೋಟಿ ದಾಟಿದರು, ಅದರಲ್ಲಿ ಯೋಗೇಶ್ ಒಬ್ಬರು. ಕಡೇ ವರ್ಗ ಅನ್ನೋ ಡಿ ವರ್ಗದ ಮೂಲಬೆಲೆಯೇ 9 ಲಕ್ಷ ರೂಪಾಯಿ. ಎಲ್ಲರಿಗೂ ಸಿಗೋ ದುಡ್ಡಲ್ಲ ಇದು. ಅಂಗಡಿಯಲ್ಲಿ ಮಗನನ್ನ ಕೂರಿಸ್ಕೋಬೇಕು ಅಂತಿರೋ ಅಪ್ಪನಿಗೆ ಕಬಡ್ಡಿ ನಂಬಿ ಬಿಡಿ ಅಂತ ಯಾರೂ ಹೇಳೋಕಾಗಲ್ಲ. ಆದರೆ ಆಡೋದೇ ಆದರೆ, ರೈಡರ್ ಕ್ಯೂ ತುಂಬಾ ಉದ್ದ ಇದೆ. ಮೂಲೆ ಕ್ಯೂನಲ್ಲಿ ಜನ ಕಡಿಮೆ.

ಬುಲ್ಸ್‌ನ ದೊಡ್ಡ ಹೆಸರುಗಳೆಲ್ಲ ಉತ್ತರದ ಕಡೆಯವು. ಬೆಂಗಳೂರಿನ ಹೆಸರಿನ ತಂಡದಲ್ಲಿ ಕರ್ನಾಟಕದ ಹುಡುಗರು ಎದ್ದು ಕಾಣಲ್ಲ ಅನ್ನೋ ಬೇಸರ ಹಳೆಯದು. ರಮೇಶ್ ಬಂದ ಮೇಲಾದರೂ ಜಿಲ್ಲಾ ಮಟ್ಟದ ಹುಡುಗರ ಮೇಲೆ ಕಣ್ಣು ಬೀಳುತ್ತಾ ಅನ್ನೋದನ್ನ ಕಾಲೇಜುಗಳ ಪಿ.ಇ. ಮೇಷ್ಟ್ರುಗಳೂ ಕಾಯಬೇಕಾದ ವಿಷಯ. ಮ್ಯಾಟ್ ಮೇಲೆ ಶೂ ಹಾಕ್ಕೊಂಡು ಆಡಿ ಅಭ್ಯಾಸ ಇಲ್ಲದ ಹುಡುಗನಿಗೆ ಕಣಕಾಲು ಹಿಡಿಯೋ ಹೊತ್ತು ತಪ್ಪುತ್ತೆ. ಮಣ್ಣಲ್ಲಿ ರೈಡರ್ ಕಾಲು ಜಾರುತ್ತೆ, ಮ್ಯಾಟಲ್ಲಿ ಕಚ್ಚಿಕೊಳ್ಳುತ್ತೆ.

ಬೆಂಗಳೂರಿಗೆ ಹೋಗಿ ನೋಡೋಣ ಅಂದರೆ ಈ ವರ್ಷವೂ ಅವಕಾಶ ಇಲ್ಲ. ಪಂದ್ಯಗಳು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಯಲ್ಲಿ. ಕಂಠೀರವದಲ್ಲಿ ಬುಲ್ಸ್ ಆಡಿದ್ದು 2023ರ ಡಿಸೆಂಬರ್‌ನಲ್ಲಿ, ಆಮೇಲೆ ಇಲ್ಲ. ತವರು ಜನರ ಕೂಗೇ ಇಲ್ಲದೆ ತವರು ತಂಡ ಆಡ್ತಿರೋದು ಸತತ ಎರಡನೇ ವರ್ಷ. ಇದನ್ನ ಕೇಳೋರೂ ಕಡಿಮೆ.

ಶುಕ್ರವಾರ ರಾತ್ರಿ ಟಿವಿ ಮುಂದೆ ಕೂರೋರು ಪುಣೆಯ ಅಸ್ಲಂ ಇನಾಮ್‌ದಾರ್ ರೈಡ್‌ಗೆ ಬಂದಾಗ ಚೆಂದ ನೋಡಬಹುದು. 10ನೇ ಸೀಸನ್‌ನಲ್ಲಿ ರಮೇಶ್ ಕೆಳಗೆ ಕಪ್ ಎತ್ತಿದ ನಾಯಕ ಅವರು. ಜೊತೆಗೆ ಪಂಕಜ್ ಮೋಹಿತೆ, ಹೊಸದಾಗಿ ಸೇರಿದ ಸಚಿನ್ ತನ್ವರ್. ಪುಣೆಯ ಬೆಂಚಲ್ಲಿ ಈಗ ಕೋಚ್ ಅಜಯ್ ಠಾಕೂರ್. ಅಸ್ಲಂ ಯಾವ ಕಡೆ ತಿರುಗ್ತಾರೆ, ಯಾವಾಗ ಬೋನಸ್‌ಗೆ ಕಾಲಿಡ್ತಾರೆ ಅನ್ನೋದು ರಮೇಶ್ ಅವರಿಗೆ ಬಾಯಿಪಾಠ. ಅದನ್ನ ಅಂಕುಶ್, ಯೋಗೇಶ್ ಇಬ್ಬರಿಗೂ ಹೇಳಿಕೊಟ್ಟೇ ಇರ್ತಾರೆ. ಕಾಲು ಸಿಕ್ಕ ಮೇಲೆ ಪಕ್ಕದ ಹುಡುಗ ಓಡಿ ಬರ್ತಾನಾ ಅಂತ ನೋಡಬೇಕು.