ಪ್ರಶ್ನೆ ಕೇಳುವ ಬಗೆ

ಊರ ಶಾಲೆಗೆ ಹೊಸ ಕೊಠಡಿ ಬೇಕೇ ಎಂದು ಕೇಳಿದರೆ ಬೇಡವೆನ್ನುವವರು ಸಿಗುವುದು ಕಷ್ಟ. ಮನೆಪಟ್ಟಿ ಹೆಚ್ಚಿಸೋಣವೇ ಎಂದು ಕೇಳಿದರೆ ಹೂಂ ಎನ್ನುವವರು ಸಿಗುವುದು ಇನ್ನೂ ಕಷ್ಟ. ಕೊಠಡಿಯ ದುಡ್ಡು ಆ ಪಟ್ಟಿಯಿಂದಲೇ ಬರಬೇಕಾದಾಗ ಎರಡೂ ಒಂದೇ ಪ್ರಶ್ನೆ. ಕೇಳುವ ಬಾಯಿ ಯಾವ ತುದಿಯಿಂದ ಶುರುಮಾಡುತ್ತದೆ ಎಂಬುದರ ಮೇಲೆ ಉತ್ತರ ನಿಂತಿರುತ್ತದೆ.

ಅಮೆರಿಕದಲ್ಲಿ ಇದು ದೊಡ್ಡ ಜಗಳದ ವಿಷಯ. ಅಲ್ಲಿ ಶಾಲೆಗಳನ್ನು ನೋಡಿಕೊಳ್ಳಲು 'ಶಾಲಾ ಜಿಲ್ಲೆ' ಎಂಬ ಪ್ರತ್ಯೇಕ ಘಟಕಗಳಿವೆ. ಬಹಳಷ್ಟು ರಾಜ್ಯಗಳಲ್ಲಿ ಕಟ್ಟಡಕ್ಕಾಗಿ ಸಾಲ ಎತ್ತಬೇಕಾದರೆ ಮತದಾರರ ಒಪ್ಪಿಗೆ ಪಡೆಯಬೇಕು. ಸಾಲ ತೀರುವುದು ಜನರ ಆಸ್ತಿ ತೆರಿಗೆಯಿಂದ. ಹಾಗಾಗಿ ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಬದಲು ಒಂದು ಪ್ರಶ್ನೆಯೇ ಅಚ್ಚಾಗಿರುತ್ತದೆ.

ಟೆಕ್ಸಾಸ್ ರಾಜ್ಯ 2019ರಲ್ಲಿ ಒಂದು ಕಾನೂನು ಮಾಡಿತು. ಶಾಲಾ ಸಾಲದ ಮತಪತ್ರದಲ್ಲಿ 'ಇದು ಆಸ್ತಿ ತೆರಿಗೆಯ ಹೆಚ್ಚಳ' ಎಂಬ ವಾಕ್ಯ ಇರಲೇಬೇಕು. ತೆರಿಗೆದಾರರಿಗೆ ಸತ್ಯ ಗೊತ್ತಾಗಲಿ ಎಂಬುದು ಒಂದು ವಾದ. ಹಳೆಯ ಸಾಲ ತೀರುತ್ತ ಬಂದು ತೆರಿಗೆಯ ದರ ಏರದೇ ಇದ್ದಾಗಲೂ ಇದೇ ವಾಕ್ಯ ಅಚ್ಚಾಗುತ್ತದಲ್ಲ ಎಂಬುದು ಶಾಲೆಗಳ ಕಡೆಯವರ ದೂರು. ಕ್ಯಾಲಿಫೋರ್ನಿಯಾ 2017ರ ಕಾನೂನಿನಲ್ಲಿ ಬೇರೆ ದಾರಿ ಹಿಡಿಯಿತು: ಎಷ್ಟು ಹಣ, ಯಾವ ದರ, ಎಷ್ಟು ವರ್ಷ ಎಂಬುದನ್ನು ಪ್ರಶ್ನೆಯಲ್ಲೇ ಹೇಳಬೇಕು. ಆದರೆ ಪ್ರಶ್ನೆ 75 ಪದ ಮೀರುವಂತಿಲ್ಲ. ಲೆಕ್ಕ ಹೇಳುವುದರಲ್ಲೇ ಪದಗಳು ಖರ್ಚಾದರೆ ಕೆಲಸ ಏನೆಂದು ಹೇಳಲು ಜಾಗವೆಲ್ಲಿ ಎಂಬ ಗೊಣಗಾಟ ಅಲ್ಲಿ ಹುಟ್ಟಿತು.

ಪದಗಳಿಗೆ ಇಷ್ಟು ಶಕ್ತಿ ಇದೆಯೇ? ಡೊನಾಲ್ಡ್ ರಗ್ ಎಂಬ ಸಂಶೋಧಕ 1941ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಪ್ರಜಾಪ್ರಭುತ್ವದ ವಿರುದ್ಧ ಭಾಷಣ ಮಾಡಲು 'ಅವಕಾಶ ಕೊಡಬೇಕೇ' ಎಂದು ಒಂದು ಗುಂಪಿಗೆ ಕೇಳಿದಾಗ ನೂರಕ್ಕೆ 62 ಜನ ಕೊಡಬಾರದು ಎಂದರು. ಇನ್ನೊಂದು ಗುಂಪಿಗೆ 'ನಿಷೇಧಿಸಬೇಕೇ' ಎಂದು ಕೇಳಿದಾಗ ಹೌದೆಂದವರು 46 ಮಾತ್ರ. ಅವಕಾಶ ಕೊಡದಿರುವುದೂ ನಿಷೇಧಿಸುವುದೂ ಒಂದೇ ತಾನೇ? ಪದ ಬದಲಾಯಿತು, ಉತ್ತರವೂ ಬದಲಾಯಿತು. ಒಂದು ಚಮಚೆ ಬಿಸಿನೀರಿಗೆ ದಪ್ಪ ಉಷ್ಣತಾಮಾಪಕ ಅದ್ದಿದರೆ ನೀರೇ ತಣ್ಣಗಾಗುತ್ತದೆ. ಅಳೆಯುವ ಸಾಧನವೇ ಅಳತೆಯನ್ನು ಕೆಡಿಸುತ್ತದೆ. ಪ್ರಶ್ನೆಯೂ ಅಂಥದೇ ಸಾಧನ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಜನರಿಗೆ ಇಂಥ ಮತಪತ್ರ ಬರುವುದಿಲ್ಲ. ಆದರೆ ಶಾಲೆಯ ಹೆಸರಿನ ತೆರಿಗೆ ಅವರೂ ಕಟ್ಟುತ್ತಾರೆ. ಗ್ರಾಮ ಪಂಚಾಯತಿಯ ಪಟ್ಟಿ ತುಂಬಿದ ಮೇಲೆ ಸಿಗುವ ರಸೀದಿಯನ್ನು ಒಮ್ಮೆ ಬಿಡಿಸಿ ನೋಡಬೇಕು. ತೆರಿಗೆಯ ಮೇಲೆ ಆರೋಗ್ಯ ಕರ ಶೇ. 15, ಶಿಕ್ಷಣ ಕರ ಶೇ. 10, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಎಂಬುದು ಬಹುಕಾಲದಿಂದ ಬಂದ ಪ್ರಮಾಣ. ಮನೆಗೆ 400 ರೂಪಾಯಿ ತೆರಿಗೆಯಾದರೆ ಈ ಉಪಕರಗಳೇ 136 ರೂಪಾಯಿ. ಅದರಲ್ಲಿ ಶಿಕ್ಷಣದ ಪಾಲು 40. ಆ 40 ರೂಪಾಯಿ ತಮ್ಮೂರ ಶಾಲೆಯ ಸೋರುವ ಹಂಚಿಗೆ ಹೋಗುತ್ತದೆಯೇ ಎಂದು ಕೇಳುವವರು ಎಷ್ಟು ಜನ?

ದಿಲ್ಲಿಯ ಕಥೆಯೂ ಹೀಗೆಯೇ. ಕೇಂದ್ರ ಸರಕಾರ 2004ರಲ್ಲಿ ಶೇ. 2ರ ಶಿಕ್ಷಣ ಉಪಕರ ತಂದಿತು. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು ಇನ್ನೂ ಶೇ. 1 ಸೇರಿಸಿತು. ಆ ಹಣಕ್ಕೆ ಪ್ರತ್ಯೇಕ ನಿಧಿ ಮಾಡಲು ಸಂಪುಟ ಒಪ್ಪಿದ್ದು 2017ರ ಆಗಸ್ಟ್‌ನಲ್ಲಿ. ವಸೂಲಿಗೂ ಡಬ್ಬಿಗೂ ನಡುವೆ ಹತ್ತು ವರ್ಷ! 2018ರಲ್ಲಿ ಎರಡೂ ಹೋಗಿ 'ಆರೋಗ್ಯ ಮತ್ತು ಶಿಕ್ಷಣ ಉಪಕರ' ಶೇ. 4 ಆಯಿತು. ಇದರಲ್ಲಿ ಆಸ್ಪತ್ರೆಗೆಷ್ಟು, ಶಾಲೆಗೆಷ್ಟು ಎಂಬುದು ಹೆಸರಿನಿಂದ ತಿಳಿಯದು.

ನಮ್ಮ ಕಚೇರಿ ಕನ್ನಡಕ್ಕೂ ತನ್ನದೇ ಜಾಣತನವಿದೆ. ತೆರಿಗೆ 'ಹೆಚ್ಚಳ' ಎಂದು ನೋಟೀಸು ಹೇಳುವುದು ಕಡಿಮೆ, 'ಪರಿಷ್ಕರಣೆ' ಎನ್ನುತ್ತದೆ. ಪರಿಷ್ಕರಣೆಯಾಗಿ ತೆರಿಗೆ ಇಳಿದ ಊರನ್ನು ಹುಡುಕಿಕೊಂಡು ಹೋಗಬೇಕು. ಜೋಯಿಡಾದ ಕೊಂಕಣಿ ಮನೆಗೆ, ಹಳಿಯಾಳದ ಮರಾಠಿ ಮನೆಗೆ, ಕಾಡಂಚಿನ ಸಿದ್ದಿಗಳ ಕೇರಿಗೆ 'ಸದರಿ ದರಗಳನ್ನು ಪರಿಷ್ಕರಿಸಲು ಠರಾಯಿಸಲಾಗಿದೆ' ಎಂಬ ವಾಕ್ಯ ಮುಟ್ಟಿದರೆ ಏನು ತಿಳಿಯುತ್ತದೆ? ಗ್ರಾಮಸಭೆಯಲ್ಲಿ ಕೈ ಎತ್ತುವವರು ಯಾವುದಕ್ಕೆ ಕೈ ಎತ್ತಿದರು ಎಂಬುದು ರಸೀದಿ ಬಂದ ಮೇಲೆ ಗೊತ್ತಾದರೆ ಅದು ಒಪ್ಪಿಗೆಯಾಗುವುದಿಲ್ಲ.

ಇದಕ್ಕೆ ಮತಪತ್ರವೇ ಬೇಕೆಂದಿಲ್ಲ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು ಕಾನೂನಿದೆ. 2001ರಿಂದ ಶಾಲೆಗಳಲ್ಲಿ ಪಾಲಕರೇ ಇರುವ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಯಾರೇ ದುಡ್ಡು ಕೇಳಲಿ, ಠರಾವು ಓದುವಾಗ ಐದು ಸಂಗತಿ ಹೇಳಿದರೆ ಸಾಕು: ಒಟ್ಟು ಎಷ್ಟು, ಮನೆಗೆ ಎಷ್ಟು, ಎಷ್ಟು ವರ್ಷ, ಯಾವ ಕೆಲಸಕ್ಕೆ, ಲೆಕ್ಕ ಕೊಡುವವರು ಯಾರು. ಬಂದವರಿಗೆ ತಿಳಿಯುವ ನುಡಿಯಲ್ಲಿ ಅದನ್ನು ಎರಡು ಸಲ ಓದಬೇಕು. 'ಶಾಲೆ ಉಳಿಯಬೇಕೋ ಬೇಡವೋ' ಎಂದು ಹೆದರಿಸುವುದೂ ಬೇಡ, 'ಮತ್ತೆ ತೆರಿಗೆ ಹೇರುತ್ತಾರೆ' ಎಂದು ಕೂಗುವುದೂ ಬೇಡ.

ಇಷ್ಟು ತಿಳಿದ ಮೇಲೂ ಜನ ಒಲ್ಲೆ ಎಂದರೆ ಅದು ಅವರ ತೀರ್ಮಾನ. ಹೂಂ ಎಂದರೆ, ಆ ಕೊಠಡಿ ಮುಗಿಯುವ ತನಕ ಲೆಕ್ಕ ಕೇಳುವ ಹಕ್ಕೂ ಅವರದೇ.