ಚಮಚದಿಂದ ಜಾರದ ಸರಿ

ಗೆ,
ಸನ್ಮಾನ್ಯ ಸಚಿವರು,
ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಆರು ತಿಂಗಳಿಂದ ಎರಡು ವರ್ಷದವರೆಗಿನ ಮಕ್ಕಳಿಗೆ ಉಣಿಸುವ ಬಗೆಯನ್ನು ಮನೆಯವರಿಗೆ ಮಾಡಿ ತೋರಿಸುವ ಕುರಿತು.

ಮಾನ್ಯರೇ,

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ನೆಲೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ, ಅಲ್ಲಿ ಮೊದಲಾದ ಅಂಗನವಾಡಿಗಳು ಇಂದು ಅರವತ್ತೈದು ಸಾವಿರವನ್ನು ಮೀರಿ, ಹಟ್ಟಿ, ತಾಂಡಾ, ಹಾಡಿಗಳವರೆಗೂ ಹೋಗಿವೆ. ಅಲ್ಲಿ ಬಿಸಿಯೂಟ ಉಂಡು, ಹಾಡು ಕಲಿತು, ಚಿಲಿಪಿಲಿ ಪಠ್ಯಕ್ರಮದ ಚಟುವಟಿಕೆಗಳಲ್ಲಿ ತೊಡಗುವ ಮಗುವಿಗೆ ಮೂರು ವರ್ಷ ತುಂಬಿರುತ್ತದೆ. ಅದಕ್ಕಿಂತ ಚಿಕ್ಕ ಕೂಸಿನ ಊಟವೆಲ್ಲ ಮನೆಯಲ್ಲೇ ನಡೆಯುತ್ತದೆ. ಇಲಾಖೆ ಅದರ ಪಾಲಿನ ಪೌಷ್ಟಿಕ ಪುಡಿಯನ್ನು ಮನೆಗೆ ಕಳಿಸುತ್ತದೆಯಾದರೂ, ಆ ಪುಡಿ ಒಲೆಯ ಮೇಲೆ ಏನಾಗುತ್ತದೆ, ಎಷ್ಟು ನೀರು ಕುಡಿಯುತ್ತದೆ, ಯಾರ ತಟ್ಟೆಗೆ ಹೋಗುತ್ತದೆ ಎಂಬುದು ಇಲಾಖೆಯ ಕಣ್ಣಿಗೆ ಬೀಳುವುದಿಲ್ಲ. ಈ ಪತ್ರ ಆ ಒಲೆಯ ಬಳಿಯ ಸಂಗತಿಗೆ ಸಂಬಂಧಿಸಿದ್ದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಮಂದಿಯ ಬೆಳವಣಿಗೆ ಕುಂಠಿತವಾಗಿದೆ, ಎಂದರೆ ವಯಸ್ಸಿಗೆ ತಕ್ಕ ಎತ್ತರ ಅವರಿಗಿಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿಗೆ ರಕ್ತಹೀನತೆ ಇದೆ. ಈ ಕುಂಠಿತದ ಬಹುಪಾಲು ಎರಡನೆಯ ಹುಟ್ಟುಹಬ್ಬದೊಳಗೇ ನಡೆದುಹೋಗಿರುತ್ತದೆ ಮತ್ತು ಆಮೇಲೆ ಎಷ್ಟು ಉಣಿಸಿದರೂ ಕಳೆದುಕೊಂಡ ಎತ್ತರವನ್ನು ಪೂರ್ತಿಯಾಗಿ ಮರಳಿ ಪಡೆಯುವುದು ಕಷ್ಟ. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು, ನೀರೂ ಬೇಡ ಎಂಬ ಮಾತು ಈಗ ಬಹಳ ಮನೆಗಳಿಗೆ ಮುಟ್ಟಿದೆ. ಆರು ತಿಂಗಳ ನಂತರ, ಎದೆಹಾಲಿನ ಜೊತೆಗೆ, ಏನನ್ನು, ಎಷ್ಟು, ಯಾವ ಹದದಲ್ಲಿ ಕೊಡಬೇಕು ಎಂಬ ಮಾತು ಅಷ್ಟು ಸ್ಪಷ್ಟವಾಗಿ ಮುಟ್ಟಿಲ್ಲ. ತಾಯಿ ಕಾರ್ಡಿನಲ್ಲಿ ಸಲಹೆಗಳಿವೆ, ಗೋಡೆಗಳ ಮೇಲೆ ಘೋಷಣೆಗಳಿವೆ. ಆದರೆ ‘ಪೌಷ್ಟಿಕ ಆಹಾರ ನೀಡಿ’ ಎಂಬ ವಾಕ್ಯವನ್ನು ಓದಿದ ತಾಯಿಗೆ ಪಾತ್ರೆಗೆ ಎಷ್ಟು ಹಿಟ್ಟು ಹಾಕಬೇಕೆಂಬುದು ತಿಳಿಯುವುದಿಲ್ಲ.

ಹಳೆಯ ಮೈಸೂರಿನ ಕಡೆ ಕೂಸಿನ ಮೊದಲ ಆಹಾರ ರಾಗಿ ಸರಿ. ಕರಾವಳಿಯಲ್ಲಿ ರಾಗಿಯನ್ನು ನೆನೆಸಿ ರುಬ್ಬಿ ಹಾಲು ತೆಗೆದು ಕಾಯಿಸುವ ಮಣ್ಣಿ. ಹಲವು ಮನೆಗಳಲ್ಲಿ ಅನ್ನದ ಗಂಜಿ ಮತ್ತು ಬೇಳೆಕಟ್ಟು. ಇವೆಲ್ಲ ಒಳ್ಳೆಯ ಆಹಾರಗಳೇ, ಆದರೆ ಕೂಸಿನ ಬಾಯಿಗೆ ಬರುವ ಹೊತ್ತಿಗೆ ಬಹುಮಟ್ಟಿಗೆ ನೀರಾಗಿರುತ್ತವೆ. ಬೇಳೆ ಬೆಂದ ಪಾತ್ರೆಯಲ್ಲಿ ಕಟ್ಟು ಮೇಲೆ ನಿಂತಿರುತ್ತದೆ, ಬೇಳೆ ತಳದಲ್ಲಿರುತ್ತದೆ. ಸಾರ ಕಟ್ಟಿನಲ್ಲಿದೆಯೆಂದು ನಂಬಿ ಅದನ್ನು ಮಗುವಿಗೆ ಬಸಿದುಕೊಟ್ಟು ತಳದ್ದನ್ನು ದೊಡ್ಡವರು ಉಣ್ಣುವಾಗ, ಪ್ರೋಟೀನು ಯಾರ ಹೊಟ್ಟೆಗೆ ಹೋಯಿತೆಂದು ವಿವರಿಸಬೇಕಾಗಿಲ್ಲ.

ಸರಿಯ ಲೆಕ್ಕವನ್ನು ಇನ್ನೂ ಹತ್ತಿರದಿಂದ ನೋಡಬೇಕು. ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಅದರ ತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿಲೀಟರು. ಏಳು ಕಿಲೋ ತೂಗುವ ಎಂಟು ತಿಂಗಳ ಕೂಸಿಗೆ ಇದು ಒಂದು ಲೋಟದಷ್ಟು, ಅಂದಾಜು 200 ಮಿಲಿಲೀಟರು. ಅಷ್ಟು ನೀರಿಗೆ ಒಂದು ದೊಡ್ಡ ಚಮಚ, ಎಂದರೆ ಹತ್ತು ಗ್ರಾಂ, ರಾಗಿ ಹಿಟ್ಟು ಹಾಕಿ ಕಾಯಿಸಿದ ಸರಿಯಲ್ಲಿ ಇರುವುದು ಸುಮಾರು 32 ಕಿಲೋಕ್ಯಾಲೊರಿ. ಕ್ಯಾಲೊರಿಯೆಂದರೆ ದೇಹಕ್ಕೆ ಆಹಾರದಿಂದ ದೊರೆಯುವ ಶಕ್ತಿಯ ಅಳತೆ. ಆ ವಯಸ್ಸಿನ ಮಗುವಿಗೆ ಎದೆಹಾಲಿನ ಆಚೆಗೆ ದಿನಕ್ಕೆ 200 ಕಿಲೋಕ್ಯಾಲೊರಿಯಷ್ಟು ಬೇಕು, ಒಂಬತ್ತನೆಯ ತಿಂಗಳಿಂದ 300, ವರ್ಷ ತುಂಬಿದ ಮೇಲೆ 550. ಮೂರು ಸಲ ಹೊಟ್ಟೆ ಬಿರಿಯುವಂತೆ ತೆಳು ಸರಿ ಕುಡಿದ ಕೂಸಿಗೆ ನೂರೂ ದಕ್ಕುವುದಿಲ್ಲ. ಅದು ಅಳುವುದಿಲ್ಲ, ಹೊಟ್ಟೆ ತುಂಬಿರುವುದರಿಂದ ಮಲಗುತ್ತದೆ. ಮನೆಯವರೂ ಮಗು ಚೆನ್ನಾಗಿ ಉಂಡಿತೆಂದು ನೆಮ್ಮದಿಯಿಂದಿರುತ್ತಾರೆ.

ಇಲ್ಲಿ ತಾಯಿಯನ್ನು ಅಜ್ಞಾನಿಯೆಂದು ಕರೆಯುವ ಅಭ್ಯಾಸ ಸರ್ಕಾರಿ ಭಾಷಣಗಳಿಗಿದೆ, ಅದು ಅನ್ಯಾಯ. ಅದೇ ಲೋಟ ನೀರಿಗೆ ಮೂರು ದೊಡ್ಡ ಚಮಚ ಹಿಟ್ಟು ಹಾಕಿದರೆ ಶಕ್ತಿ ಮೂರು ಪಟ್ಟಾಗುತ್ತದೆ ನಿಜ, ಆದರೆ ಹಿಟ್ಟಿನಲ್ಲಿರುವ ಪಿಷ್ಟದ ಕಣಗಳು ಬಿಸಿಯಾದಾಗ ನೀರನ್ನು ಹೀರಿ ಉಬ್ಬಿಕೊಳ್ಳುವುದರಿಂದ ಸರಿ ಗಟ್ಟಿಯಾಗಿ, ಹಲ್ಲಿಲ್ಲದ ಬಾಯಿ ನುಂಗಲಾರದ ಮುದ್ದೆಯಾಗುತ್ತದೆ. ಮಗು ಉಗುಳುತ್ತದೆ, ತಾಯಿ ನೀರು ಬೆರೆಸುತ್ತಾಳೆ. ಆಕೆಯ ಕೈ ತಡೆದದ್ದು ಪಿಷ್ಟದ ಗುಣವೇ ಹೊರತು ಆಕೆಯ ತಿಳಿವಳಿಕೆಯ ಕೊರತೆಯಲ್ಲ.

ಈ ತೊಡಕಿಗೆ ಪರಿಹಾರ ಕನ್ನಡದ ಅಡುಗೆಮನೆಯಲ್ಲೇ ಇತ್ತು. ರಾಗಿಯನ್ನು ಒಂದು ರಾತ್ರಿ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಒಂದೆರಡು ದಿನ ಇಟ್ಟರೆ ಕಾಳಿನಿಂದ ಬಿಳಿಯ ಮೊಳಕೆ ಇಣುಕುತ್ತದೆ. ಅದನ್ನು ನೆರಳಲ್ಲಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆಯ ಎಳೆಗಳನ್ನು ಕೇರಿ, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಡಬ್ಬಿ ತುಂಬಿಡುವುದು ಅಜ್ಜಿಯರಿಗೆ ಗೊತ್ತಿದ್ದ ಕೆಲಸ. ಮೊಳೆಯುವ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಕಿಣ್ವವೆಂದರೆ ಜೀವಿಗಳಲ್ಲಿ ರಾಸಾಯನಿಕ ಬದಲಾವಣೆಯನ್ನು ಚುರುಕುಗೊಳಿಸುವ ವಸ್ತು, ಮತ್ತು ಈ ಕಿಣ್ವದ ಕೆಲಸ ಪಿಷ್ಟದ ಉದ್ದನೆಯ ಸರಪಳಿಗಳನ್ನು ತುಂಡರಿಸುವುದು. ತುಂಡಾದ ಪಿಷ್ಟ ಉಬ್ಬುವುದಿಲ್ಲವಾದ್ದರಿಂದ ಮೂರು ಚಮಚ ಹಿಟ್ಟಿನ ಸರಿಯೂ ನುಂಗುವಷ್ಟು ಮೆತ್ತಗೆ ಇರುತ್ತದೆ. ಗಟ್ಟಿ ಸರಿಯ ಬಟ್ಟಲಿಗೆ, ಅದು ಇನ್ನೂ ಸಾಕಷ್ಟು ಬಿಸಿಯಿರುವಾಗಲೇ, ಮೊಳಕೆ ಹಿಟ್ಟಿನ ಒಂದು ಚಿಕ್ಕ ಚಮಚವನ್ನು ಹಾಕಿ ತಿರುವಿದರೆ ಕೆಲವೇ ನಿಮಿಷಗಳಲ್ಲಿ, ನೋಡುತ್ತಿರುವಂತೆಯೇ, ಅಂಟು ಬಿಟ್ಟು ಸಡಿಲವಾಗುವುದನ್ನು ಕಾಣಬಹುದು. ಆಮೇಲೆ ಅದನ್ನು ಇನ್ನೊಮ್ಮೆ ಕುದಿಸಿ ಆರಿಸಿ ಕೊಡಬೇಕು. ಮೊಳಕೆ ಬಂದ ರಾಗಿಯನ್ನು ಘಮ ಬರುವವರೆಗೆ ಕೆಂಪಗೆ ಹುರಿದರೆ ಕಿಣ್ವ ನಾಶವಾಗುತ್ತದೆ, ಹಿಟ್ಟನ್ನು ನೇರವಾಗಿ ಕುದಿಯುವ ನೀರಿಗೆ ಸುರಿದರೂ ಅದಕ್ಕೆ ಕೆಲಸ ಮಾಡಲು ಹೊತ್ತು ಸಿಗುವುದಿಲ್ಲ. ತಣ್ಣೀರಲ್ಲಿ ಕಲಸಿ ಸಣ್ಣ ಉರಿಯಲ್ಲಿ ನಿಧಾನವಾಗಿ ಬಿಸಿ ಮಾಡುವುದೇ ಸರಿಯಾದ ದಾರಿ. ಮೊಳಕೆಯಿಂದ ಇನ್ನೊಂದು ಲಾಭವೂ ಇದೆ: ರಾಗಿಯಲ್ಲಿ ಕಬ್ಬಿಣದ ಹೀರಿಕೆಯನ್ನು ತಡೆಯುವ ಫೈಟೇಟ್ ಎಂಬ ಅಂಶ ಅದರಿಂದ ತಗ್ಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ರಾಗಿಯ ಮಾಲ್ಟಿನ ಬಗ್ಗೆ ವರ್ಷಾನುಗಟ್ಟಲೆ ಕೆಲಸ ನಡೆದಿದೆ. ವಿಜ್ಞಾನ ರಾಜ್ಯದೊಳಗೇ ಇದೆ, ಕಾಳು ಹೊಲದಲ್ಲಿದೆ, ಕೈಯಿಂದ ಕೈಗೆ ದಾಟಿಸುವ ಕೊಂಡಿಯಷ್ಟೇ ಬಿಟ್ಟುಹೋಗಿದೆ.

ಉಣಿಸುವ ಸಾಧನವೂ ಹದವನ್ನು ನಿರ್ಧರಿಸುತ್ತದೆ ಎಂಬುದನ್ನು ಸಲಹೆ ಬರೆಯುವವರು ಗಮನಿಸಿದಂತಿಲ್ಲ. ಕೂಸನ್ನು ನೀಡಿದ ಕಾಲುಗಳ ಮೇಲೆ ಅಂಗಾತ ಮಲಗಿಸಿ ಒಳಲೆಯಿಂದ, ಎಂದರೆ ಮೂತಿಯಿರುವ ಪುಟ್ಟ ಪಾತ್ರೆಯಿಂದ, ಬಾಯಿಗೆ ಹುಯ್ಯುವ ರೂಢಿ ಇನ್ನೂ ಇದೆ. ಒಳಲೆಯ ಮೂತಿಯಿಂದ ತೆಳುವಾದದ್ದು ಮಾತ್ರ ಹರಿಯುತ್ತದೆ; ಆದ್ದರಿಂದ ಒಳಲೆ ಕೈಯಲ್ಲಿರುವವರೆಗೆ ಸರಿ ಗಟ್ಟಿಯಾಗುವಂತಿಲ್ಲ, ಅಳುವ ಮಗುವಿನ ಬಾಯಿಗೆ ಹುಯ್ದದ್ದು ಶ್ವಾಸನಾಳಕ್ಕೆ ಇಳಿಯುವ ಅಪಾಯ ಬೇರೆ. ಆರು ತಿಂಗಳ ನಂತರ ಮಗುವನ್ನು ಮಡಿಲಲ್ಲಿ ನೆಟ್ಟಗೆ ಕೂರಿಸಿಕೊಂಡು, ಚಿಕ್ಕ ಚಮಚದಿಂದಲೋ ತೊಳೆದ ಬೆರಳಿನಿಂದಲೋ ಉಣಿಸಬೇಕು. ಚಮಚವನ್ನು ಓರೆ ಮಾಡಿದರೆ ಸರಿ ತಟಕ್ಕನೆ ಜಾರದೆ ಅಂಟಿಕೊಂಡು ನಿಲ್ಲಬೇಕು. ಅಕ್ಷರ ಬಾರದವರೂ ಮಾಡಬಹುದಾದ ಪರೀಕ್ಷೆಯಿದು, ಇದಕ್ಕೆ ತಕ್ಕಡಿಯೂ ಬೇಡ. ಮೊದಲು ಎರಡು ಮೂರು ಚಮಚ, ಎಂಟು ತಿಂಗಳ ಹೊತ್ತಿಗೆ ದಿನಕ್ಕೆ ಎರಡು ಮೂರು ಸಲ ಅರ್ಧ ಬಟ್ಟಲು, ಆಮೇಲೆ ಮೂರು ನಾಲ್ಕು ಸಲ, ವರ್ಷ ದಾಟಿದ ಮೇಲೆ ಮುಕ್ಕಾಲಿನಿಂದ ಒಂದು ಬಟ್ಟಲು, ನಡುವೆ ಹಸಿದರೆ ಬಾಳೆಹಣ್ಣಿನಂಥದ್ದು.

ರಾಗಿಯೊಂದರಿಂದ ಎಲ್ಲವೂ ಆಗದು. ರಾಗಿಯಲ್ಲಿ ಸುಣ್ಣದ ಅಂಶ ಧಾರಾಳವಾಗಿದೆ. ಆದರೆ ಹುಟ್ಟುವಾಗ ತಂದುಕೊಂಡ ಕಬ್ಬಿಣದ ಸಂಗ್ರಹ ಆರು ತಿಂಗಳ ಹೊತ್ತಿಗೆ ಕರಗುವುದರಿಂದ, ಎದೆಹಾಲಿನಲ್ಲೂ ಕಬ್ಬಿಣ ಕಡಿಮೆಯಿರುವುದರಿಂದ, ಹಿಸುಕಿದ ಬೇಳೆ, ನುಗ್ಗೆಸೊಪ್ಪು, ತಿನ್ನುವ ಮನೆಗಳಲ್ಲಿ ಮೊಟ್ಟೆ, ಮೀನು, ಈಲಿ ಬೇಗ ತಟ್ಟೆಗೆ ಬರಬೇಕು. ಸೊಪ್ಪಿನ ಮೇಲೆ ಹಿಂಡಿದ ನಾಲ್ಕು ಹನಿ ನಿಂಬೆರಸ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ, ಚಹಾ ಅದನ್ನು ತಡೆಯುತ್ತದೆ. ಒಂದು ಚಿಕ್ಕ ಚಮಚ ತುಪ್ಪ ಸುಮಾರು 45 ಕಿಲೋಕ್ಯಾಲೊರಿಯನ್ನು ಹೊಟ್ಟೆಯಲ್ಲಿ ಜಾಗ ಹಿಡಿಯದೆ ಸೇರಿಸುತ್ತದೆ. ವರ್ಷ ತುಂಬುವ ಮೊದಲು ಜೇನುತುಪ್ಪ ಕೂಡದು, ಏಕೆಂದರೆ ಬೊಟುಲಿಸಮ್ ಎಂಬ, ಸ್ನಾಯುಗಳನ್ನು ನಿಷ್ಕ್ರಿಯಗೊಳಿಸುವ ಕಾಯಿಲೆಯ ಬೀಜಾಣುಗಳು ಅದರಲ್ಲಿರಬಹುದು. ಇಡೀ ಕಡಲೆಬೀಜ, ಸೀತಾಫಲದ ಬೀಜ, ಹುಣಸೆಬೀಜಗಳು ಉಸಿರುದಾರಿಯಲ್ಲಿ ಸಿಕ್ಕಿಕೊಳ್ಳುವಂಥವು. ಕಡಲೆಬೀಜವನ್ನು ಪುಡಿ ಮಾಡಿಯೇ ಕೊಡಬೇಕು.

ಕಾಯಿಲೆಯ ದಿನಗಳ ವಿಷಯದಲ್ಲಿ ಇಲಾಖೆಯ ದನಿ ಇನ್ನೂ ಗಟ್ಟಿಯಾಗಬೇಕಾಗಿದೆ. ಹಲ್ಲು ಬರುವಾಗ ಭೇದಿಯಾಗುವುದು ಸಹಜವೆಂಬ ನಂಬಿಕೆ ಗಟ್ಟಿಯಾಗಿ ಉಳಿದಿದೆ. ಆ ವಯಸ್ಸಿನ ಮಗು ಅಂಬೆಗಾಲಿಡುತ್ತ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವುದು ಭೇದಿಗೆ ಕಾರಣ, ಹಲ್ಲು ನೆಪ ಮಾತ್ರ. ಭೇದಿಯಾದಾಗ ಅನ್ನ ನಿಲ್ಲಿಸಿ ಹೊಟ್ಟೆಗೆ ವಿಶ್ರಾಂತಿ ಕೊಡುವುದೆಂದರೆ, ಮೊದಲೇ ತೆಳುವಾದ ಮಗುವನ್ನು ಉಪವಾಸ ಕೆಡವುವುದು. ಎದೆಹಾಲೂ ಊಟವೂ ನಡೆಯುತ್ತಲೇ ಇರಬೇಕು. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಬಳಿ ಸಿಗುವ ಓ.ಆರ್.ಎಸ್. ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರು ಕುಡಿಯುವ ನೀರಿಗೆ ಬೆರೆಸಿ, ಚಮಚ ಚಮಚವಾಗಿ ಕೊಟ್ಟು, ಇಪ್ಪತ್ತನಾಲ್ಕು ಗಂಟೆಯಲ್ಲಿ ಉಳಿದದ್ದನ್ನು ಚೆಲ್ಲಬೇಕು. ಸತುವಿನ ಮಾತ್ರೆಯನ್ನು ಭೇದಿ ನಿಂತ ಮೇಲೂ ಹದಿನಾಲ್ಕು ದಿನ ತುಂಬುವವರೆಗೆ ಮುಂದುವರಿಸಬೇಕು. ಮಗು ಸೋತು ಮಲಗಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಕುಡಿಯಲಾರದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಗುಣವಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಟ್ಟರೆ ಕಳೆದ ತೂಕ ಮರಳುತ್ತದೆ.

ಊಟದ ಹೊತ್ತಿನ ಮೊಬೈಲ್ ಹೊಸ ಒಳಲೆಯಾಗಿದೆ: ಮಗುವಿನ ಕಣ್ಣು ಪರದೆಯಲ್ಲಿ ನೆಟ್ಟಿರುವಾಗ ಬಾಯಿ ತಾನಾಗಿ ತೆರೆಯುತ್ತದೆ, ತುತ್ತು ಒಳಗಿಳಿಯುತ್ತದೆ, ಹಸಿವು ಇಂಗಿತೆಂದು ಮುಖ ತಿರುಗಿಸುವುದನ್ನು ಮಗು ಕಲಿಯುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ, ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಆ ಬಳಿಕ, ಮೊದಲ ವರ್ಷಗಳಲ್ಲಿ ಪರದೆಯೇ ಬೇಡ, ಎರಡು ದಾಟಿದ ಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದಿವೆ. ಆದರೆ ಗಾರ್ಮೆಂಟ್ಸ್ ಪಾಳಿ ಮುಗಿಸಿ ಬಂದು ಒಬ್ಬಳೇ ಅಡುಗೆಗೂ ಮಗುವಿಗೂ ನಿಲ್ಲುವ ತಾಯಿಗೆ ಈ ನಿಯಮವನ್ನಷ್ಟೇ ಓದಿ ಹೇಳುವುದು ಸಲ್ಲದು. ಅಲ್ಲಿ ತಂದೆಗೆ ಹೇಳಬೇಕಾದ ಮಾತಿದೆ. ಇಲಾಖೆಯ ಚಿತ್ರಪಟಗಳಲ್ಲಿ ಬಟ್ಟಲು ಹಿಡಿದ ತಂದೆಯೊಬ್ಬ ಕಾಣಿಸಿಕೊಳ್ಳಲಿ. ಮಗುವಿನ ಎದುರು ಕೂತು, ಕಾಗೆ ಗುಬ್ಬಿಗಳನ್ನು ತೋರಿಸಿ ಮಾತಾಡಿಸುತ್ತ, ಬೇಡವೆಂದರೆ ತಡೆದು, ಮತ್ತೆ ಕೊಟ್ಟು ಉಣಿಸುವುದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಮತ್ತು ಆ ಅರ್ಧ ಗಂಟೆಯಲ್ಲಿ ಮಗು ಊಟದೊಂದಿಗೆ ಭಾಷೆಯನ್ನೂ ಪಡೆಯುತ್ತದೆ.

ಆದುದರಿಂದ ಮಾನ್ಯ ಸಚಿವರಲ್ಲಿ ಬಿನ್ನಹವಿಷ್ಟು. ಮನೆಗೆ ಹೋಗುವ ಪ್ರತಿಯೊಂದು ಪೌಷ್ಟಿಕ ಪುಡಿಯ ಪೊಟ್ಟಣದ ಮೇಲೆ ಗ್ರಾಮಿನ ಲೆಕ್ಕದ ಬದಲು ಲೋಟ, ಚಮಚಗಳ ಚಿತ್ರ ಮತ್ತು ಓರೆ ಮಾಡಿದ ಚಮಚದ ಚಿತ್ರ ಅಚ್ಚಾಗಲಿ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತಾಯಂದಿರು ಸೇರಿದಾಗ ಭಾಷಣದ ಬದಲು ಒಲೆ ಹೊತ್ತಲಿ: ತೆಳು ಸರಿ, ಗಟ್ಟಿ ಸರಿ, ಮೊಳಕೆ ಹಿಟ್ಟು ಬೆರೆಸಿದ ಸರಿ, ಮೂರು ಬಟ್ಟಲುಗಳು ಅಕ್ಕಪಕ್ಕ ನಿಲ್ಲಲಿ, ಅಜ್ಜಿಯರಿಗೆ ವಿಶೇಷ ಕರೆ ಹೋಗಲಿ, ಏಕೆಂದರೆ ಮೊಳಕೆ ಕಟ್ಟುವ ವಿದ್ಯೆ ಅವರಲ್ಲಿದೆ ಮತ್ತು ಒಳಲೆಯೂ ಅವರ ಕೈಯಲ್ಲೇ ಇದೆ. ಅಂಗನವಾಡಿ ಕಾರ್ಯಕರ್ತೆ ಮಗುವಿನ ತೂಕ ತೆಗೆದು ಬರೆದುಕೊಳ್ಳುವುದರ ಜೊತೆಗೆ, ಬೆಳವಣಿಗೆಯ ಪಟದ ಮೇಲಿನ ಗೆರೆಯನ್ನು ತಾಯಿಗೆ ತೋರಿಸಿ ವಿವರಿಸಲಿ. ಚುಕ್ಕೆ ಹಸಿರು ಪಟ್ಟಿಯಲ್ಲೇ ಇದ್ದರೂ ಎರಡು ಮೂರು ತಿಂಗಳಿಂದ ಗೆರೆ ಏರದೆ ಮಲಗಿದ್ದರೆ ಅದೇ ಮೊದಲ ಎಚ್ಚರಿಕೆ, ಹಳದಿಗೆ ಇಳಿಯುವವರೆಗೆ ಕಾಯಬಾರದು. ಇದಕ್ಕೆಲ್ಲ ಅಂಗನವಾಡಿ ಕಾರ್ಯಕರ್ತೆಗೆ ಬಿಡುವು ಬೇಕು. ಅವರು ಇಂದು 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪಿಗೆ ವಿವರ ತುಂಬುತ್ತ, ಬೇರೆ ಬೇರೆ ಸಮೀಕ್ಷೆಗಳಿಗೆ ಮನೆ ಮನೆ ತಿರುಗುತ್ತ ದಿನ ಕಳೆಯುತ್ತಿದ್ದಾರೆ. ಅವುಗಳಲ್ಲಿ ಅವರದಲ್ಲದ ಕೆಲಸವನ್ನು ಅವರಿಂದ ತೆಗೆದು, ವಾರಕ್ಕೊಂದು ಮಧ್ಯಾಹ್ನವನ್ನು ಆರು ತಿಂಗಳಿಂದ ಎರಡು ವರ್ಷದ ಕೂಸುಗಳಿರುವ ಮನೆಗಳಿಗೆಂದೇ, ಆ ಕೂಸುಗಳು ಉಣ್ಣುವ ಹೊತ್ತಿಗೆ ಹೋಗಿಬರಲು, ಸಚಿವರು ಲಿಖಿತ ಆದೇಶದ ಮೂಲಕ ಮೀಸಲಿಡಬೇಕು.

ಇತಿ ಗೌರವಪೂರ್ವಕವಾಗಿ.